ಹತ್ತು ಗೋಲಿನ ಸೋಲು, ಒಂದು ಗೋಲಿನ ಅಹ್ಮದ್ ಖಾನ್

ಕಳೆದ ವರ್ಷ ನಮ್ಮೂರ ಗದ್ದೆಯಲ್ಲಿ ಫುಟ್ಬಾಲ್ ಫೈನಲ್ ಇದ್ದ ದಿನವೇ ಜಿಲ್ಲಾ ತಂಡದ ಆಯ್ಕೆಯೂ ಇತ್ತು. ನಮ್ಮೂರು ಬೈಂದೂರಿನ ಹತ್ತಿರ. ನಾನು ಬೆಳಿಗ್ಗೆ ಆರರ ಬಸ್ಸು ಹಿಡಿದು ಆಯ್ಕೆಗೆ ಹೋದೆ. ಅಲ್ಲಿ ಹದಿನೈದು ನಿಮಿಷ ಆಡಿಸಿ ಹೊರಗೆ ಕೂರಿಸಿದರು, ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಸಂಜೆ ಊರಿಗೆ ಬಂದಾಗ ನಮ್ಮ ತಂಡ ಸೋತಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಂದಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇದೆ. ಆಟಗಾರ ದೊಡ್ಡವನಾಗುವುದು ದೇಶದ ಅಂಗಿ ತೊಟ್ಟಾಗಲೋ, ತನ್ನ ಕ್ಲಬ್ಬಿನ ಅಂಗಿಯಲ್ಲೋ? ಬ್ರಹ್ಮಾವರದ ನನ್ನ ಗೆಳೆಯನಿಗೆ ಈ ವಿಷಯದಲ್ಲಿ ಅನುಮಾನವೇ ಇಲ್ಲ. 2022ರಲ್ಲಿ ವಿಶ್ವಕಪ್ ಎತ್ತುವವರೆಗೂ ಮೆಸ್ಸಿ ಅರ್ಧ ಮಾತ್ರ ದೊಡ್ಡವ ಎಂಬುದು ಅವನ ವಾದ. ನಾನು ಡಿ ಸ್ಟೆಫಾನೊ ಹೆಸರು ತೆಗೆಯುತ್ತೇನೆ. ರಿಯಲ್ ಮ್ಯಾಡ್ರಿಡ್‌ಗೆ ಸಾಲಾಗಿ ಐದು ಯುರೋಪಿಯನ್ ಕಪ್ ಗೆದ್ದುಕೊಟ್ಟ ಆತ ವಿಶ್ವಕಪ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಕುಂದಾಪುರದ ಗಾಂಧಿ ಮೈದಾನದ ಅಂಚಿನಲ್ಲಿ ಕೂತು ನಾವು ಈ ಜಗಳ ಆಡದ ಭಾನುವಾರವಿಲ್ಲ. ಹೀಗೆ ಹುಡುಕುತ್ತಿರುವಾಗ ಸಿಕ್ಕವರು ನಮ್ಮದೇ ರಾಜ್ಯದ ಅಹ್ಮದ್ ಖಾನ್.

1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಫುಟ್ಬಾಲ್ ಆಡುವ ಮನೆತನ. ಈಗ ನಮ್ಮ ಕರಾವಳಿಯ ಹುಡುಗರ ಬಾಯಲ್ಲಿ ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಇದ್ದಂತೆ ಆಗಿನ ಬೆಂಗಳೂರಿನಲ್ಲಿ ಫುಟ್ಬಾಲ್ ಇತ್ತು. ಮೈಸೂರು ತಂಡ 1946ರಲ್ಲೇ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು ಎಂದರೆ ಇವತ್ತು ಯಾರು ನಂಬುತ್ತಾರೆ? ಅಹ್ಮದ್ ಖಾನ್ ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಡಿ ಬೆಳೆದರು. ಆಡುವ ಜಾಗ ಮುಂಚೂಣಿಯ ಎಡ ಒಳಬದಿ. ಚೆಂಡು ಅವರ ಪಾದ ಬಿಟ್ಟು ಹೋಗುತ್ತಿರಲಿಲ್ಲವಂತೆ, ಅದಕ್ಕೇ ಹಾವಾಡಿಗ ಎಂಬ ಅಡ್ಡಹೆಸರು ಬಿತ್ತು.

1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಅದು. ತಂಡದ ಹೆಚ್ಚಿನವರದ್ದು ಬರಿಗಾಲು. ಎದುರಾಳಿ ಫ್ರಾನ್ಸ್. ಭಾರತ ಎರಡು ಪೆನಾಲ್ಟಿ ಹಾಳು ಮಾಡಿಕೊಂಡಿತು. ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ 70ನೇ ನಿಮಿಷದಲ್ಲಿ ಸಮ ಮಾಡಿದರು. 89ನೇ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2–1ರಲ್ಲಿ ಗೆದ್ದಿತು. 1950ರ ವಿಶ್ವಕಪ್‌ಗೆ ಭಾರತಕ್ಕೆ ಅರ್ಹತೆ ಸಿಕ್ಕಿತ್ತು, ತಂಡ ಬ್ರೆಜಿಲ್‌ಗೆ ಹೋಗಲೇ ಇಲ್ಲ. ಅಹ್ಮದ್‌ಗೆ ಆಗ 23 ವರ್ಷ. ವಿಶ್ವಕಪ್ ಆಡದವನು ದೊಡ್ಡವನಲ್ಲ ಎನ್ನುವುದಾದರೆ, ಆ ತಪ್ಪು ಅವರ ಕಾಲಿನದ್ದಂತೂ ಅಲ್ಲ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ವಿರುದ್ಧ 1–0ರಿಂದ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು.

ಆಮೇಲೆ ಬಂತು 1952ರ ಹೆಲ್ಸಿಂಕಿ. ಎದುರಿಗೆ ಯುಗೊಸ್ಲಾವಿಯ, ಆ ಕೂಟದಲ್ಲಿ ಮುಂದೆ ಫೈನಲ್‌ವರೆಗೂ ಹೋಗಿ ಬೆಳ್ಳಿ ಗೆದ್ದ ತಂಡ. ಎರಡನೇ ನಿಮಿಷದಲ್ಲೇ ಮೊದಲ ಗೋಲು. ವಿರಾಮಕ್ಕೆ ಐದು, 87ನೇ ನಿಮಿಷಕ್ಕೆ ಹತ್ತು. ಇನ್ನೆಂತ ಉಳಿಯಿತು ಹೇಳಿ? ಹತ್ತು ಗೋಲು ತಿಂದವನಿಗೆ ಆಸೆ ಒಂದೇ, ಸೀಟಿ ಬೇಗ ಊದಲಿ ಅಂತ. ನಮ್ಮೂರ ಪಂದ್ಯದಲ್ಲಿ ಐದು ಬಿದ್ದಾಗಲೇ ನಾನು ಓಡುವುದು ನಿಲ್ಲಿಸಿದ್ದುಂಟು. 89ನೇ ನಿಮಿಷದಲ್ಲಿ ಅಹ್ಮದ್ ಖಾನ್ ಗೋಲು ಹೊಡೆದರು. 10–1. ಲೆಕ್ಕದಲ್ಲಿ ಅದಕ್ಕೆ ಬೆಲೆ ಇಲ್ಲ. ಆ ಪಂದ್ಯದ ನಂತರವೇ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

ದೇಶದ ಕತೆ ಇಷ್ಟು. ಇದನ್ನಷ್ಟೇ ಓದಿದವನು ಅಹ್ಮದ್ ಖಾನ್‌ರನ್ನು ಸೋತ ತಂಡಗಳ ಒಬ್ಬ ಒಳ್ಳೆಯ ಆಟಗಾರ ಎಂದು ಪುಟ ಮಗುಚಿಬಿಡುತ್ತಾನೆ.

ಕಲ್ಕತ್ತೆಯ ಕತೆ ಬೇರೆ. 1949ರಲ್ಲಿ ಅವರು ಈಸ್ಟ್ ಬೆಂಗಾಲ್ ಸೇರಿದರು. ಹತ್ತು ವರ್ಷ ಅಲ್ಲೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಮುಂಚೂಣಿಯ ಈ ಐವರೂ ದಕ್ಷಿಣದವರು. ಕಲ್ಕತ್ತೆ ಅವರನ್ನು ಪಂಚಪಾಂಡವರು ಎಂದು ಕರೆಯಿತು. ಯಕ್ಷಗಾನದ ಊರಿನವರಾದ ನಮಗೆ ಆ ಹೆಸರಿನ ತೂಕ ಬಿಡಿಸಿ ಹೇಳಬೇಕಿಲ್ಲ. ಇವರಲ್ಲಿ ಭೀಮ ಯಾರು, ಅರ್ಜುನ ಯಾರು ಎಂದು ಎಲ್ಲೂ ಓದಿಲ್ಲ. ಸೆಂಟರ್ ಫಾರ್ವರ್ಡ್ ಧನರಾಜ್ ಭೀಮನಿರಬೇಕು ಎಂದು ನನ್ನ ಊಹೆ. 1949, 1950, 1951ರಲ್ಲಿ ಸಾಲಾಗಿ ಐಎಫ್ಎ ಶೀಲ್ಡ್. 1949, 1950, 1952ರಲ್ಲಿ ಕಲ್ಕತ್ತಾ ಲೀಗ್. 1951, 1952ರಲ್ಲಿ ಡ್ಯುರಾಂಡ್ ಕಪ್.

ಕಪ್‌ಗಳಿಗಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಆ ಗ್ಯಾಲರಿಯಲ್ಲಿ ಕೂತವರು. ದೇಶ ವಿಭಜನೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಪೂರ್ವ ಬಂಗಾಳದಿಂದ ಮನೆ, ಗದ್ದೆ, ಹೊಳೆ ಎಲ್ಲ ಬಿಟ್ಟು ಬಂದ ಲಕ್ಷಾಂತರ ಜನ ಕಲ್ಕತ್ತೆಯ ಸುತ್ತ ಶಿಬಿರಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಬದುಕು ಹುಡುಕುತ್ತಿದ್ದರು. ಅವರ ಊರು ಈಗ ಬೇರೆ ದೇಶ. ಊರಿನ ಹೆಸರು ಉಳಿದದ್ದು ಒಂದು ಫುಟ್ಬಾಲ್ ಕ್ಲಬ್ಬಿನಲ್ಲಿ. ಅವರ ಪಾಲಿಗೆ ಕ್ಲಬ್ಬು, ದೇಶ ಎಂದು ಎರಡು ತಕ್ಕಡಿ ಇರಲೇ ಇಲ್ಲ. ಕಳೆದುಹೋದ ದೇಶವೇ ವಾರಕ್ಕೊಮ್ಮೆ ಮೈದಾನಕ್ಕೆ ಇಳಿಯುತ್ತಿತ್ತು. ಅದಕ್ಕಾಗಿ ಆಡಿದವರಲ್ಲಿ ಪೂರ್ವ ಬಂಗಾಳವನ್ನು ತನ್ನ ಊರು ಎನ್ನಲಾರದ ಬೆಂಗಳೂರಿನ ಹುಡುಗ ಒಬ್ಬ. ಧರ್ಮದ ಹೆಸರಿನಲ್ಲಿ ನಡೆದ ವಿಭಜನೆಯಲ್ಲಿ ಎಲ್ಲ ಕಳೆದುಕೊಂಡವರು ಹೆಮ್ಮೆಯಿಂದ ಪಾಂಡವರೆಂದು ಕರೆದ ಐವರಲ್ಲಿ ಅಹ್ಮದ್, ಸಾಲೆ ಇಬ್ಬರು ಮುಸ್ಲಿಮರು.

ಇದನ್ನು ಗೆಳೆಯನಿಗೆ ಹೇಳಿದೆ. ಕ್ಲಬ್ಬಿನಲ್ಲಿ ಸುತ್ತ ಒಳ್ಳೆಯ ಆಟಗಾರರಿದ್ದರೆ ಯಾರೂ ಗೆಲ್ಲಬಹುದು ಎಂದು ಅವನು ಬಿಟ್ಟುಕೊಡಲಿಲ್ಲ. ಸರಿ, ಹಾಗಾದರೆ ಸುತ್ತ ಯಾರೂ ಇಲ್ಲದಂತಿದ್ದ ಹೆಲ್ಸಿಂಕಿಯ ಆ ಗೋಲು? ಅದಕ್ಕೆ ಅವನು ಸ್ವಲ್ಪ ಹೊತ್ತು ಸುಮ್ಮನಾದ. ನನಗನಿಸುವುದು ಇಷ್ಟೇ. ಐದು ಜನ ದಿನಾ ಒಟ್ಟಿಗೆ ಆಡಿ ಕಟ್ಟಿದ ಆಟ ಕಲ್ಕತ್ತೆಯಲ್ಲಿ ಕಪ್ ತಂದಿತು, ಆ ಆಟವನ್ನೇ ಕಾಲಲ್ಲಿ ಇಟ್ಟುಕೊಂಡವನು ಹೆಲ್ಸಿಂಕಿಯಲ್ಲಿ ಹತ್ತು ತಿಂದ ಮೇಲೂ ಗೋಲಿನ ಕಡೆಗೇ ಓಡಿದ. ಎರಡೂ ಕಡೆ ಅದೇ ಮನುಷ್ಯ.

ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ. ಅಷ್ಟರಲ್ಲಿ ಅವರ ಆಟ ಮುಗಿದಿತ್ತು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ, 90ರ ವಯಸ್ಸಿನಲ್ಲಿ ತೀರಿಕೊಂಡರು. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ, ಅವರ ಹೆಸರೂ ಕೇಳಿರಲಿಲ್ಲ.

ಈ ವರ್ಷ ನಮ್ಮೂರ ಪಂದ್ಯಾಟ ಮತ್ತೆ ದೀಪಾವಳಿ ಹೊತ್ತಿಗೇ. ಬೆಂಗಳೂರಿನ ಬೇಕರಿ, ಹೋಟೆಲುಗಳಲ್ಲಿ ದುಡಿಯುವ ನಮ್ಮ ಅಣ್ಣಂದಿರು ರಾತ್ರಿ ಬಸ್ಸಿಗೆ ಬಂದು, ನಿದ್ದೆಗಣ್ಣಲ್ಲೇ ಊರಿನ ಹೆಸರಿರುವ ಅಂಗಿ ಹಾಕಿ ಗದ್ದೆಗೆ ಇಳಿಯುತ್ತಾರೆ. ಜಿಲ್ಲಾ ತಂಡದ ಆಯ್ಕೆಯ ದಿನ ಇನ್ನೂ ಹೇಳಿಲ್ಲ. ನಾನು ಎಡಗಡೆ ಆಡುತ್ತೇನೆ ಎಂದು ತಂಡದವರಿಗೆ ಹೇಳಿಟ್ಟಿದ್ದೇನೆ.