ಕಿಟಕಿಯ ಬಳಿಯ ಕುರ್ಚಿ

ಕೆರಿಬಿಯನ್ ಸಮುದ್ರದ ಅಂಚಿನಲ್ಲಿರುವ ಟ್ರಿನಿಡಾಡ್ ದ್ವೀಪವು ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕಾಲ. ಅಲ್ಲಿನ ಟುನಪುನ ಎಂಬ ಚಿಕ್ಕ ಊರಿನಲ್ಲಿ, ಕ್ರಿಕೆಟ್ ಮೈದಾನಕ್ಕೆ ಹೊಂದಿಕೊಂಡು, ವಿಕೆಟ್ಟಿನ ನೇರಕ್ಕೆ ಒಂದು ಮನೆಯಿತ್ತು. ಅದರ ಕಿಟಕಿಯ ಬಳಿ ಕುರ್ಚಿಯಿಟ್ಟು ನಿಂತರೆ ಆರು ವರ್ಷದ ಬಾಲಕನಿಗೂ ಆಟವೆಲ್ಲ ಕಾಣುತ್ತಿತ್ತು. ಅದೇ ಕುರ್ಚಿಯಿಂದ ಕಿಟಕಿಯ ಅಂಚನ್ನೇರಿ ಕೈಚಾಚಿದರೆ ಬೀರುವಿನ ಮೇಲಿನ ಪುಸ್ತಕಗಳೂ ಎಟಕುತ್ತಿದ್ದವು. 1901ರಲ್ಲಿ ಜನಿಸಿದ ಸಿ. ಎಲ್. ಆರ್. ಜೇಮ್ಸನ ಬಾಲ್ಯವು ಬಹುಮಟ್ಟಿಗೆ ರೂಪುಗೊಂಡದ್ದು ಈ ಕುರ್ಚಿಯ ಮೇಲೆ.

ತಂದೆ ಉಪಾಧ್ಯಾಯರು, ತಾಯಿಗೆ ಓದಿನ ಹುಚ್ಚು. ಥ್ಯಾಕರೆಯ ‘ವ್ಯಾನಿಟಿ ಫೇರ್’ ಕಾದಂಬರಿಯನ್ನು ಹುಡುಗನು ಎಷ್ಟು ಸಲ ಓದಿದನೆಂಬುದಕ್ಕೆ ಲೆಕ್ಕವಿಲ್ಲ. ನೆರೆಯಲ್ಲಿ ಮ್ಯಾಥ್ಯೂ ಬಾಂಡ್‌ಮನ್ ಎಂಬ ಯುವಕನಿದ್ದನು. ಕೊಳಕು ವೇಷ, ಒರಟು ಮಾತು, ದುಡಿಮೆಯೆಂದರೆ ಬಲುದೂರ. ಮನೆಯ ಹೆಂಗಸರು ಅವನನ್ನು ಕಂಡರೆ ಮುಖ ಸಿಂಡರಿಸುತ್ತಿದ್ದರು. ಆದರೆ ಅವನು ಬ್ಯಾಟು ಹಿಡಿದು, ಒಂದು ಮೊಣಕಾಲೂರಿ ಚೆಂಡನ್ನು ಬಾರಿಸಿದಾಗ ನೆರೆದವರೆಲ್ಲ ಬೆರಗಿನಿಂದ ಉದ್ಗಾರ ತೆಗೆಯುತ್ತಿದ್ದರು. ಎಲ್ಲರೂ ಹೀಗಳೆಯುವ ಮನುಷ್ಯನಲ್ಲಿ ಇಂಥ ಸೊಬಗು ಹೇಗೆ ಬಂತು? ಆ ಒಗಟು ಬಾಲಕನ ಮನಸ್ಸಿನಿಂದ ಎಂದೂ ಮಾಯಲಿಲ್ಲ.

ವಿದ್ಯಾರ್ಥಿವೇತನ ಗಳಿಸಿ ಅವನು ಕ್ವೀನ್ಸ್ ರಾಯಲ್ ಕಾಲೇಜನ್ನು ಸೇರಿದನು. ಅಲ್ಲಿ ತರಗತಿಯೊಳಗೆ ಸುಳ್ಳಾಡಲು ಹಿಂಜರಿಯದ ಹುಡುಗರೇ ಮೈದಾನದಲ್ಲಿ ಅಂಪೈರನ ತೀರ್ಪಿಗೆ ಚಕಾರವೆತ್ತುತ್ತಿರಲಿಲ್ಲ.

ಆದರೆ ಮೈದಾನದ ಆಚೆಗೆ ಈ ನ್ಯಾಯ ನಡೆಯುತ್ತಿರಲಿಲ್ಲ. ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಕ್ರಿಕೆಟ್ ಸಂಘಗಳು ಮೈಬಣ್ಣವನ್ನು ನೋಡಿ ಸದಸ್ಯರನ್ನು ಸೇರಿಸಿಕೊಳ್ಳುತ್ತಿದ್ದವು. ಕಪ್ಪು ಬಣ್ಣದ ಜೇಮ್ಸನಿಗೆ ತನ್ನಂಥವರೇ ಇದ್ದ ‘ಶಾನನ್’ ಸಂಘವಿತ್ತು. ಲಿಯರಿ ಕಾನ್‌ಸ್ಟಂಟೈನನಂಥ ಆಟಗಾರರು ಅಲ್ಲಿದ್ದರು. ತಿಳಿಗಂದು ಬಣ್ಣದ ಮಧ್ಯಮವರ್ಗದವರ ‘ಮೇಪಲ್’ ಸಂಘವೂ ಅವನನ್ನು ಸೇರಿಸಿಕೊಳ್ಳಲು ಸಿದ್ಧವಿತ್ತು. ಬಹುವಾಗಿ ತೊಳಲಾಡಿ ಅವನು ಮೇಪಲನ್ನು ಆರಿಸಿಕೊಂಡನು. ಇದರಿಂದ ಸಾಮಾನ್ಯ ಜನರಿಂದ ದೂರವಾದೆನೆಂದೂ, ತನ್ನ ರಾಜಕೀಯ ತಿಳಿವಳಿಕೆ ಹಲವು ವರ್ಷ ತಡವಾಯಿತೆಂದೂ ಜೇಮ್ಸ್ ಮುಂದೆ ಮುಚ್ಚುಮರೆಯಿಲ್ಲದೆ ಬರೆದರು. ಬಾಲ್ಯ ಯೌವನಗಳನ್ನು ನೆನೆಯುವವರಲ್ಲಿ ಇಂಥ ನಿಷ್ಠುರತೆ ಅಪರೂಪ.

1932ರಲ್ಲಿ ಅವರು ಇಂಗ್ಲೆಂಡಿಗೆ ಹೋದಾಗ ನೆಲ್ಸನ್ ಪಟ್ಟಣದಲ್ಲಿ ಆಶ್ರಯವಿತ್ತವರು ಅದೇ ಕಾನ್‌ಸ್ಟಂಟೈನ್. ಹೈಟಿಯ ಗುಲಾಮರ ಬಂಡಾಯವನ್ನು ಕುರಿತ ‘ದಿ ಬ್ಲ್ಯಾಕ್ ಜಾಕೊಬಿನ್ಸ್’ 1938ರಲ್ಲಿ ಹೊರಬಂದಿತು. 1958ರಲ್ಲಿ ತಾಯ್ನಾಡಿಗೆ ಮರಳಿ, ಪತ್ರಿಕೆಯೊಂದರ ಸಂಪಾದಕರಾಗಿ, ವೆಸ್ಟ್ ಇಂಡೀಸ್ ತಂಡದ ನಾಯಕತ್ವ ಬಿಳಿಯರ ಸೊತ್ತಲ್ಲವೆಂದು ಬರೆದು ಹೋರಾಡಿದರು. 1960–61ರ ಆಸ್ಟ್ರೇಲಿಯ ಪ್ರವಾಸಕ್ಕೆ ಫ್ರಾಂಕ್ ವೊರೆಲ್ ನಾಯಕರಾದರು. ಇಡೀ ಟೆಸ್ಟ್ ಸರಣಿಗೆ ಆ ಸ್ಥಾನ ಪಡೆದ ಮೊದಲ ಕಪ್ಪು ಆಟಗಾರ ಅವರೇ. ಶಾನನ್ನನ್ನು ತೊರೆದ ಹಳೆಯ ತಪ್ಪಿಗೆ ಇದು ಪ್ರಾಯಶ್ಚಿತ್ತವಾಗಿದ್ದಿರಬಹುದೇನೋ!

ಕಿಟಕಿ, ಕುರ್ಚಿ, ಬಾಂಡ್‌ಮನ್ ಎಲ್ಲರೂ 1963ರ ‘ಬಿಯಾಂಡ್ ಎ ಬೌಂಡರಿ’ ಗ್ರಂಥದಲ್ಲಿ ಮರಳಿ ಬಂದರು. 1989ರಲ್ಲಿ ಜೇಮ್ಸ್ ಲಂಡನ್ನಿನಲ್ಲಿ ತೀರಿಕೊಂಡರು. ಅವರನ್ನು ಮಣ್ಣುಮಾಡಿದ್ದು ಟುನಪುನದಲ್ಲಿ.