ಪಿ.ಟಿ. ಮೇಷ್ಟ್ರುಗಳ ಮೇಷ್ಟ್ರು ಹ್ಯಾರಿ ಕ್ರೋ ಬಕ್

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೊಡಬೇಕೆಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ, ಸಾಫ್ಟ್‌ವೇರ್ ಎಂಜಿನಿಯರ್ ಆದ ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಅಂದುಕೊಂಡಿರಬೇಕು. ನನಗೆ ಮೊದಲು ನೆನಪಾದದ್ದು ನಮ್ಮ ಪಿ.ಟಿ. ಮೇಷ್ಟ್ರ ಸೀಟಿ. ಅವರಿಂದಲೇ ಕೇಳಿದ ಒಬ್ಬ ಹಿರಿಯರ ಕಥೆಯನ್ನು, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಎಂಟನೇ ತರಗತಿಯಲ್ಲಿದ್ದಾಗ ಒಂದು ದಿನ ಜೋರು ಮಳೆ. ಮೈದಾನಕ್ಕೆ ಇಳಿಯುವಂತಿರಲಿಲ್ಲ. ಅಂದು ಮೇಷ್ಟ್ರು ತರಗತಿಯಲ್ಲೇ ಕೂರಿಸಿ, ತಮ್ಮಂಥ ಶಿಕ್ಷಕರು ಶಾಲೆಗೆ ಬಂದದ್ದು ಹೇಗೆಂದು ಹೇಳಿದರು. ಆಗ ಬಂದ ಹೆಸರು ಹ್ಯಾರಿ ಕ್ರೋ ಬಕ್.

ಬಕ್ ಹುಟ್ಟಿದ್ದು 1884ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಓದಿದ್ದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ಕಾಲೇಜಿನಲ್ಲಿ. 1891ರಲ್ಲಿ ಬಾಸ್ಕೆಟ್‌ಬಾಲ್ ಆಟ ಹುಟ್ಟಿದ್ದೂ ಅಲ್ಲಿಯೇ. 1919ರಲ್ಲಿ ಅವರು ವೈ.ಎಂ.ಸಿ.ಎ. ಕೆಲಸಕ್ಕಾಗಿ ಮದ್ರಾಸಿಗೆ ಬಂದರು.

ಆ ಕಾಲದ ಶಾಲೆಗಳಲ್ಲಿ ವ್ಯಾಯಾಮವೆಂದರೆ ಬಹುಮಟ್ಟಿಗೆ ಡ್ರಿಲ್. ನಿವೃತ್ತ ಸಿಪಾಯಿಯೊಬ್ಬರು ಸಾಲಾಗಿ ನಿಲ್ಲಿಸಿ, ಎಡ ಬಲ ಎಂದು ಕೂಗುವುದು. ಮಕ್ಕಳು ಹೆದರಿಕೊಂಡು ಕೈಕಾಲು ಆಡಿಸುವುದು. ಬಕ್ ಅವರ ದಾರಿ ಬೇರೆ. ಆಟ ಕಲಿಸುವವರಿಗೆ ಶರೀರ ರಚನೆ, ಆರೋಗ್ಯ, ಮಕ್ಕಳ ಮನಸ್ಸು ಎಲ್ಲವೂ ತಿಳಿದಿರಬೇಕು, ಅವರೂ ಉಳಿದ ಶಿಕ್ಷಕರಂತೆ ಶಿಕ್ಷಕರೇ ಎಂದು ಅವರು ನಂಬಿದ್ದರು. ಅದಕ್ಕಾಗಿ 1920ರಲ್ಲಿ ಮದ್ರಾಸಿನಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳೊಂದಿಗೆ ತರಬೇತಿ ಶಾಲೆ ತೆರೆದರು. ಅದೇ ಇಂದು ಚೆನ್ನೈನ ನಂದನಂನಲ್ಲಿರುವ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು. ನಮ್ಮ ಮಂಗಳೂರು, ಬಳ್ಳಾರಿ ಭಾಗಗಳೂ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು.

ವಿದೇಶದಿಂದ ಬಂದವರಾದರೂ ಬಕ್ ಇಲ್ಲಿನ ಆಟಗಳನ್ನು ಕೀಳಾಗಿ ಕಾಣಲಿಲ್ಲ. ತಮ್ಮ ವಿದ್ಯಾರ್ಥಿಗಳಿಗೆ ಪಾಶ್ಚಾತ್ಯ ಆಟಗಳ ಜೊತೆಗೆ ದೇಶೀ ಆಟಗಳನ್ನೂ ಕಲಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತ ತಂಡದ ಮ್ಯಾನೇಜರ್ ಆಗಿ ಹೋದವರು ಅವರೇ. ಆದರೂ ಅವರ ಗಮನ ಪದಕ ಗೆಲ್ಲುವ ಕೆಲವರ ಮೇಲೆ ಮಾತ್ರ ಇರಲಿಲ್ಲ. ಪ್ರತಿಯೊಂದು ಮಗುವಿಗೂ ಆಟ ಸಿಗಬೇಕೆಂಬುದೇ ಅವರ ಜೀವನದ ಕೆಲಸವಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಇಲ್ಲಿ ದುಡಿದು 1943ರಲ್ಲಿ ತೀರಿಕೊಂಡರು.

ನಮ್ಮ ಮೇಷ್ಟ್ರು ಬಕ್ ಅವರನ್ನು ಕಂಡವರಲ್ಲ. ಆದರೆ ಅವರ ದಾರಿಯಲ್ಲೇ ನಡೆದವರು. ನಾನು ಬಡಕಲು ಹುಡುಗ, ಖೋಖೋ ತಂಡಕ್ಕೆ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಮೇಷ್ಟ್ರು ಮೊದಲು ನನ್ನನ್ನು ಅಂಕ ಬರೆಯಲು ಕೂರಿಸಿದರು. ತಿಂಗಳು ಕಳೆಯುವುದರೊಳಗೆ ಕಂಬ ಮುಟ್ಟಿ ತಿರುಗುವುದನ್ನು ಕಲಿಸಿ ಆಟಕ್ಕೆ ಇಳಿಸಿದರು. ಊಟಕ್ಕೆ ಮುಂಚೆ ಕೈ ತೊಳೆಯುವುದು, ಉಗುರು ಕತ್ತರಿಸುವುದು, ಗಾಯವಾದರೆ ಮಣ್ಣು ಮೆತ್ತದಿರುವುದು ಎಲ್ಲವೂ ಅದೇ ಪೀರಿಯಡ್‌ನಲ್ಲಿ ಕಲಿತದ್ದು. ಮನೆಗೆ ಹೋಗಿ ತಂಗಿಗೂ ಅದನ್ನೇ ಹೇಳುತ್ತಿದ್ದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಹತ್ತನೇ ತರಗತಿಗೆ ಬಂದಾಗ ಪಿ.ಟಿ. ಪೀರಿಯಡ್ ಬೇಡ, ಗಣಿತ ಮಾಡಿ ಎಂದು ಕೇಳಿದ ಹುಡುಗರಲ್ಲಿ ನಾನೇ ಮುಂದಿದ್ದೆ. ಮೇಷ್ಟ್ರು ಏನೂ ಅನ್ನದೆ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಹೋದರು. ಒಳ್ಳೆಯ ಅಂಕ ಬಂತು, ಬಿ.ಇ. ಆಯಿತು, ಕೆಲಸವೂ ಸಿಕ್ಕಿತು. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂತು ಮೂವತ್ತನಾಲ್ಕಕ್ಕೇ ಬೆನ್ನುನೋವು, ಬಿ.ಪಿ. ಎರಡೂ ಬಂದವು. ಡಾಕ್ಟರು ದಿನಾ ನಡೆಯಲು ಹೇಳಿದಾಗ ಆ ಜೇಬಿಗೆ ಹೋದ ಸೀಟಿ ನೆನಪಾಯಿತು. ಈಗ ಬೆಳಗ್ಗೆ ಅರ್ಧ ಗಂಟೆ ನಡೆಯುತ್ತೇನೆ.

ಶಾಲೆಯ ಗುರುಗಳಲ್ಲಿ, ಊರಿನ ಹಿರಿಯರಲ್ಲಿ ನನ್ನದೊಂದು ಬೇಡಿಕೆ: ಹತ್ತನೇ ತರಗತಿಯ ಪಿ.ಟಿ. ಪೀರಿಯಡ್ ಬೇರೆ ವಿಷಯಕ್ಕೆ ಹೋಗದಿರಲಿ. ಮಕ್ಕಳೇ ಬೇಡವೆಂದರೂ ಕೊಡಬೇಡಿ. ಮೈದಾನದ ಕಲ್ಲು ತೆಗೆಸಿ ಖೋಖೋ ಅಂಕಣ ಮಾಡಿಸಲು ನಮ್ಮ ಬ್ಯಾಚಿನ ಗೆಳೆಯರು ಕೈಜೋಡಿಸುತ್ತೇವೆ.