ಬೇಕರಿಯವನ ಮಗ ರೋನಿ, ಹಿಂದೆ ಓಡುವ ಡಾಕ್ಟರ ಕಾರು

ಕಬ್ಬಿನ ಹಂಗಾಮಿನಲ್ಲಿ ನಮ್ಮ ಮಹಾಗಾಂವದ ರಸ್ತೆ ಮೇಲೆ ಟ್ರ್ಯಾಕ್ಟರ್ ಪಲ್ಟಿಯಾದರೆ ಮೊದಲು ಕೂಡೋದು ನೋಡೋ ಮಂದಿ. ಒಮ್ಮೆ ಹಾಗೆ ಟ್ರೇಲರಿನ ಕೆಳಗೆ ಕಾಲು ಸಿಕ್ಕ ಹುಡುಗನ ಹತ್ತಿರ ಡಾಕ್ಟರನ್ನು ಬಿಡಿಸಲು ನಾನು ಮಂದಿಯನ್ನು ನೂಕಾಡಬೇಕಾಯಿತು. ಆವಾಗೆಲ್ಲ ನೆನಪಾಗುವವನು ರೋನಿ ಪೀಟರ್ಸನ್. ಕೊಲ್ಹಾಪುರದ ಕಡೆ ಈಗ ಕಾರ್ ರೇಸಿನ ಟ್ರ್ಯಾಕ್ ಆಗಿದೆ, ಹಾಗಾಗಿ ಈ ಹೆಸರು ನಮ್ಮ ಹುಡುಗರಿಗೂ ಗೊತ್ತಿರಲಿ.

ರೋನಿ ಸ್ವೀಡನ್ ದೇಶದವ. ಹುಟ್ಟಿದ್ದು 1944ರ ಫೆಬ್ರುವರಿ 14ರಂದು. ಅಪ್ಪ ಬೇಕರಿಯವ. ಸಣ್ಣ ಕಾರ್ಟ್ ಗಾಡಿಗಳಲ್ಲಿ ಕೈ ಪಳಗಿಸಿ 1970ರಲ್ಲಿ ಫಾರ್ಮುಲಾ ಒನ್ ರೇಸಿಗೆ ಬಂದ. ಮರುವರ್ಷ ಒಂದೂ ರೇಸ್ ಗೆಲ್ಲದೆ ಪಟ್ಟಿಯಲ್ಲಿ ಎರಡನೆಯವನಾದ! ಒಟ್ಟು ಗೆದ್ದದ್ದು 10. ತಿರುವಿನಲ್ಲಿ ಕಾರನ್ನು ಅಡ್ಡಡ್ಡ ಜಾರಿಸಿಕೊಂಡು ಹೋಗುವುದಕ್ಕೆ ಹೆಸರಾಗಿದ್ದ. 1978ರಲ್ಲಿ ಲೋಟಸ್ ತಂಡದಲ್ಲಿ ಮಾರಿಯೋ ಆಂಡ್ರೆಟಿಗೆ ಎರಡನೆಯವನಾಗಿ ಇರಲು ಒಪ್ಪಿಕೊಂಡಿದ್ದ, ಕೊಟ್ಟ ಮಾತು ಮುರಿಯಲಿಲ್ಲ. ವ್ಯಾಪಾರದಲ್ಲೂ ಇಂಥವರು ಅಪರೂಪ.

ಅದೇ ವರ್ಷದ ಸೆಪ್ಟೆಂಬರ್ 10, ಇಟಲಿಯ ಮೊಂಜಾ. ಬೆಳಿಗ್ಗೆ ಅಭ್ಯಾಸದಲ್ಲಿ ತನ್ನ ಕಾರು ಕೆಟ್ಟಿತ್ತು, ಹಳೆಯ ಕಾರು ತೆಗೆದುಕೊಂಡ. ಹಿಂದಿನ ಸಾಲಿನ ಕಾರುಗಳು ಪೂರ್ತಿ ನಿಲ್ಲುವ ಮೊದಲೇ ಶುರುವಿನ ದೀಪ ಹಚ್ಚಿಬಿಟ್ಟರು. ದಾರಿ ಕಿರಿದಾಗುವ ಕಡೆ ಒಂದಕ್ಕೊಂದು ಬಡಿದವು, ರೋನಿಯ ಕಾರಿಗೆ ಬೆಂಕಿ ಹತ್ತಿತು. ಜೇಮ್ಸ್ ಹಂಟ್ ಮೊದಲಾದ ಜೊತೆಗಾರರೇ ಹೊರಗೆಳೆದರು. ಕಾಲುಗಳೆರಡೂ ಮುರಿದಿದ್ದವು, ಎಚ್ಚರ ಇತ್ತು.

ಆ ವರ್ಷವೇ ರೇಸುಗಳ ವೈದ್ಯರಾಗಿ ಸೇರಿದ್ದ ಲಂಡನ್ನಿನ ಮೆದುಳು ಶಸ್ತ್ರವೈದ್ಯ ಡಾ. ಸಿಡ್ ವಾಟ್ಕಿನ್ಸ್ ಓಡಿ ಬಂದರು. ಪೊಲೀಸರು ಸಾಲು ಕಟ್ಟಿ ನಿಂತು ಅವರನ್ನೇ ಒಳಗೆ ಬಿಡಲಿಲ್ಲ. ಆಂಬುಲೆನ್ಸ್ ಬರಲು ಹತ್ತು ನಿಮಿಷದ ಮೇಲಾಯಿತು. ಮಿಲಾನಿನ ಆಸ್ಪತ್ರೆಯಲ್ಲಿ ರಾತ್ರಿ ಆಪರೇಷನ್ ಆಯಿತು. ಮುರಿದ ಎಲುಬಿನೊಳಗಿನ ಕೊಬ್ಬು ರಕ್ತಕ್ಕೆ ಸೇರಿ, ಮರುದಿನ ಬೆಳಿಗ್ಗೆ ತೀರಿಕೊಂಡ. ವಯಸ್ಸು 34. ಆಂಬುಲೆನ್ಸ್ ಬೇಗ ಬಂದಿದ್ದರೆ ಬದುಕುತ್ತಿದ್ದ ಅಂತ ನಾನು ಹೇಳಲಾರೆ. ಆದರೆ ಡಾಕ್ಟರನ್ನು ತಡೆದದ್ದು ತಡೆದದ್ದೇ.

ವಾಟ್ಕಿನ್ಸ್ ಸುಮ್ಮನಿರಲಿಲ್ಲ. ಅರಿವಳಿಕೆ ವೈದ್ಯ ಬೇಕು, ಹೆಲಿಕಾಪ್ಟರ್ ಬೇಕು, ತಮಗೊಂದು ವೇಗದ ಕಾರು ಬೇಕು ಎಂದು ಹಟ ಹಿಡಿದರು. ಮೂರು ವಾರ ಕಳೆದು ಅಕ್ಟೋಬರ್ 1ಕ್ಕೆ ಅಮೆರಿಕದ ವಾಟ್ಕಿನ್ಸ್ ಗ್ಲೆನ್ ರೇಸಿನಲ್ಲಿ ಮೊದಲ ಸುತ್ತು ಪೂರ್ತಿ ವೈದ್ಯರ ಕಾರು ಹಿಂದೆಯೇ ಓಡಿತು. ಹೆಚ್ಚು ಗುದ್ದಾಟ ಆಗುವುದು ಆ ಸುತ್ತಿನಲ್ಲೇ. ಡಾಕ್ಟರನ್ನು ಕರೆಯುವ ಮಾತೇ ಇಲ್ಲ, ಅವರು ಬೆನ್ನಿಗೇ ಇರುತ್ತಾರೆ. ವರ್ಷದ ಕೊನೆಗೆ ಆಂಡ್ರೆಟಿ ಚಾಂಪಿಯನ್, ಸತ್ತ ರೋನಿ ಎರಡನೆಯವ.

2020ರ ನವೆಂಬರ್ 29ರಂದು ಬಹ್ರೇನಿನಲ್ಲಿ ಮೊದಲ ಸುತ್ತಿನಲ್ಲೇ ರೋಮನ್ ಗ್ರೋಜಾನನ ಕಾರು ಎರಡು ತುಂಡಾಗಿ ಉರಿಯಿತು. ಕೆಲವೇ ಸೆಕೆಂಡಿನಲ್ಲಿ ಆ ಕಾರು ಬಂದು ನಿಂತಿತು. ಅರ್ಧ ನಿಮಿಷದೊಳಗೆ ಅವನು ಬೆಂಕಿಯಿಂದ ಹೊರಬಂದಾಗ ಡಾ. ಇಯಾನ್ ರಾಬರ್ಟ್ಸ್ ಕೈ ನೀಡಿ ಅಲ್ಲೇ ನಿಂತಿದ್ದರು.